ರೋಮನ್ ಕಾನೂನಿನ ಇತಿಹಾಸ ಮತ್ತು ಅಧ್ಯಯನ: ಪದೇ ಪದೇ ಕೇಳುವ ಪ್ರಶ್ನೆಗಳು

ರೋಮನ್ ಕಾನೂನು ಎಂದರೆ ಯಾವ ಕಾಲದ, ಯಾರ ಕಾನೂನು?

ಕ್ರಿ.ಪೂ. 5ನೆಯ ಶತಮಾನದ ನಡುಭಾಗದಲ್ಲಿ ರೋಮ್ ನಗರದಲ್ಲಿ ಬರೆದಿಟ್ಟ ಹನ್ನೆರಡು ಫಲಕಗಳಿಂದ ಹಿಡಿದು, ಕ್ರಿ.ಶ. 6ನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಜಸ್ಟಿನಿಯನ್ ಮಾಡಿಸಿದ ಸಂಕಲನದವರೆಗೆ, ಸುಮಾರು ಸಾವಿರ ವರ್ಷ ಬೆಳೆದ ಕಾನೂನನ್ನು ಈ ಹೆಸರಿನಿಂದ ಕರೆಯುವುದು ರೂಢಿ. ಇದರ ಜೊತೆಗೆ ಇನ್ನೊಂದು ಕಾಲಘಟ್ಟವಿದೆ. ಆ ಸಂಕಲನವನ್ನು ಪಶ್ಚಿಮ ಯೂರೋಪು 11ನೆಯ ಶತಮಾನದ ಕೊನೆಯಿಂದ ಮತ್ತೆ ಓದತೊಡಗಿ, ಅದನ್ನು ತನ್ನ ವಿಶ್ವವಿದ್ಯಾಲಯಗಳಲ್ಲಿ ಪಾಠವಾಗಿಯೂ ನ್ಯಾಯಾಲಯಗಳಲ್ಲಿ ಆಧಾರವಾಗಿಯೂ 19ನೆಯ ಶತಮಾನದ ಕೊನೆಯವರೆಗೆ ಬಳಸಿತು. ವಿದ್ಯಾರ್ಥಿಗಳು ಈ ಎರಡನ್ನೂ ಬೆರೆಸಿಬಿಡುವುದರಿಂದಲೇ ಹೆಚ್ಚಿನ ಗೊಂದಲಗಳು ಹುಟ್ಟುತ್ತವೆ. ಮೊದಲನೆಯದು ಒಂದು ಸಮಾಜದ ಬಳಕೆಯಲ್ಲಿದ್ದ ಕಾನೂನಾದರೆ, ಎರಡನೆಯದು ಆ ಸಮಾಜ ಅಳಿದ ಮೇಲೆ ಅದರ ಗ್ರಂಥಗಳನ್ನು ಓದಿದವರು ಕಟ್ಟಿಕೊಂಡ ಕಾನೂನು.

ಆಸ್ತಿ, ಕರಾರು, ಹಾನಿ, ಉತ್ತರಾಧಿಕಾರ, ಕುಟುಂಬ ಇವು ಇದರ ಮುಖ್ಯ ಕ್ಷೇತ್ರಗಳು. ದಂಡವಿಧಿಯಲ್ಲಿಯೂ ಆಡಳಿತದಲ್ಲಿಯೂ ರೋಮನ್ನರು ನಮಗೆ ಬಿಟ್ಟುಹೋದದ್ದು ಇದಕ್ಕೆ ಹೋಲಿಸಿದರೆ ಕಡಿಮೆ.

ಹನ್ನೆರಡು ಫಲಕಗಳು ಇಂದಿಗೂ ಉಳಿದಿವೆಯೇ?

ಮೂಲ ಫಲಕಗಳು ಉಳಿದಿಲ್ಲ. ಸಾಮಾನ್ಯ ಪ್ರಜೆಗಳಾದ ಪ್ಲೀಬಿಯನ್ನರು, ಕಾನೂನು ಮೇಲ್ವರ್ಗದ ಪುರೋಹಿತರ ಬಾಯಲ್ಲಷ್ಟೇ ಇರುವುದನ್ನು ಒಪ್ಪದೆ ಹಟ ಹಿಡಿದದ್ದರಿಂದ, ಕ್ರಿ.ಪೂ. 451 ಮತ್ತು 450ರಲ್ಲಿ ಹತ್ತು ಮಂದಿಯ ಸಮಿತಿಗಳು ಅವುಗಳನ್ನು ರಚಿಸಿದವು ಎಂಬುದು ರೋಮನ್ನರೇ ಹೇಳಿಕೊಂಡು ಬಂದ ಸಂಪ್ರದಾಯ. ನಮಗಿರುವುದು ಮುಂದಿನ ಲೇಖಕರು ಅಲ್ಲಲ್ಲಿ ಉದ್ಧರಿಸಿದ ಸಾಲುಗಳು ಮಾತ್ರ. ತಾನು ಹುಡುಗನಾಗಿದ್ದಾಗ ಈ ಫಲಕಗಳನ್ನು ಕಂಠಪಾಠ ಮಾಡಿಸುತ್ತಿದ್ದರೆಂದೂ ಈಗ ಯಾರೂ ಕಲಿಯುವುದಿಲ್ಲವೆಂದೂ ಸಿಸೆರೊ ಕ್ರಿ.ಪೂ. 1ನೆಯ ಶತಮಾನದಲ್ಲಿ ಬರೆದಿದ್ದಾನೆ.

ಉಳಿದ ತುಣುಕುಗಳಲ್ಲಿ ಕಾಣುವುದು ಒಂದು ಒರಟು ಕೃಷಿಸಮಾಜ. ಸ್ವತಂತ್ರ ವ್ಯಕ್ತಿಯ ಎಲುಬು ಮುರಿದರೆ 300 ತಾಮ್ರದ ನಾಣ್ಯ, ಗುಲಾಮನದ್ದಾದರೆ 150, ಸಣ್ಣಪುಟ್ಟ ಹೊಡೆತಕ್ಕೆ 25 ಎಂಬಂತಹ ನಿಗದಿತ ದರಗಳು ಅಲ್ಲಿವೆ. ಹಣದ ಮೌಲ್ಯ ಕುಸಿದಂತೆ ಈ ದರಗಳು ಹಾಸ್ಯಾಸ್ಪದವಾದವು. ಲೂಸಿಯಸ್ ವೆರೇಷಿಯಸ್ ಎಂಬ ಶ್ರೀಮಂತನೊಬ್ಬ ದಾರಿಯಲ್ಲಿ ಸಿಕ್ಕವರ ಕೆನ್ನೆಗೆ ಬಾರಿಸುತ್ತ ಹೋಗುತ್ತಿದ್ದನಂತೆ. ಹಣದ ಚೀಲ ಹಿಡಿದು ಹಿಂದೆ ಬರುತ್ತಿದ್ದ ಅವನ ಗುಲಾಮ, ಏಟು ತಿಂದ ಪ್ರತಿಯೊಬ್ಬನಿಗೂ ಸ್ಥಳದಲ್ಲಿಯೇ 25 ನಾಣ್ಯ ಎಣಿಸಿ ಕೊಡುತ್ತಿದ್ದನಂತೆ. ಕಥೆ ನಿಜವೋ ಕಟ್ಟಿದ್ದೋ, ಅದನ್ನು ಹೇಳಿದ್ದು ಲೇಬಿಯೋ ಎಂಬ ದೊಡ್ಡ ನ್ಯಾಯಶಾಸ್ತ್ರಜ್ಞ, ಹೇಳಿದ್ದೂ ಒಂದು ಉದ್ದೇಶದಿಂದ. ಹಳೆಯ ನಿಗದಿತ ದರವನ್ನು ಬದಿಗಿಟ್ಟು, ಅವಮಾನದ ಪರಿಹಾರವನ್ನು ಸಂದರ್ಭ ನೋಡಿ ಅಂದಾಜು ಮಾಡುವ ಹೊಸ ದಾವೆಯನ್ನು ಪ್ರೀಟರ್ ಎಂಬ ಅಧಿಕಾರಿಗಳು ಏಕೆ ತಂದರು ಎಂಬುದನ್ನು ಅದು ವಿವರಿಸುತ್ತದೆ.

ಪ್ರೀಟರ್ ಎಂದರೆ ನ್ಯಾಯಾಧೀಶನೇ?

ಅಲ್ಲ. ಆತ ಒಂದು ವರ್ಷದ ಅವಧಿಗೆ ಚುನಾಯಿತನಾದ ಅಧಿಕಾರಿ, ಅನೇಕ ವೇಳೆ ಕಾನೂನನ್ನು ಆಳವಾಗಿ ಓದದ ರಾಜಕಾರಣಿ. ನಾಗರಿಕರ ವ್ಯಾಜ್ಯಗಳಿಗಾಗಿ ಈ ಹುದ್ದೆ ಕ್ರಿ.ಪೂ. 367ರಲ್ಲಿ ಹುಟ್ಟಿತು. ವಿದೇಶೀಯರು ಸೇರಿದ ವ್ಯಾಜ್ಯಗಳಿಗೆಂದು ಎರಡನೆಯ ಪ್ರೀಟರ್ ಕ್ರಿ.ಪೂ. 242ರ ಸುಮಾರಿಗೆ ಬಂದ. ವಾದಿ ಪ್ರತಿವಾದಿಗಳು ಪ್ರೀಟರ್‌ನ ಮುಂದೆ ಬಂದಾಗ ಆತ ಸಾಕ್ಷಿ ಕೇಳುತ್ತಿರಲಿಲ್ಲ, ತೀರ್ಪನ್ನೂ ಕೊಡುತ್ತಿರಲಿಲ್ಲ. ವಿವಾದದ ತಿರುಳನ್ನು ಕೆಲವೇ ಸಾಲುಗಳ ಒಂದು ಸೂತ್ರಕ್ಕೆ ಇಳಿಸಿ, ಉಭಯ ಪಕ್ಷಗಳೂ ಒಪ್ಪಿದ ಒಬ್ಬ ಖಾಸಗಿ ನಾಗರಿಕನ ಕೈಗೆ ಕೊಡುತ್ತಿದ್ದ. ಪ್ರತಿವಾದಿ ವಾದಿಗೆ ಹತ್ತು ಸಾವಿರ ಕೊಡಬೇಕಾಗಿದೆ ಎಂದು ಕಂಡುಬಂದರೆ ದಂಡ ವಿಧಿಸು, ಕಂಡುಬರದಿದ್ದರೆ ಬಿಡುಗಡೆ ಮಾಡು ಎಂಬುದು ಅಂತಹ ಸೂತ್ರದ ಸರಳ ಮಾದರಿ. ಸಾಕ್ಷಿ ಕೇಳಿ ತೀರ್ಪು ಕೊಡುವುದು ಆ ನಾಗರಿಕನ ಕೆಲಸ.

ಇದಕ್ಕೂ ಮುಂಚಿನ ಪದ್ಧತಿಯಲ್ಲಿ ಗೊತ್ತುಪಡಿಸಿದ ಮಾತುಗಳನ್ನೇ ಬಾಯಿಬಿಟ್ಟು ಹೇಳಬೇಕಿತ್ತು. ತನ್ನ ದ್ರಾಕ್ಷಿ ಬಳ್ಳಿ ಕಡಿದರೆಂದು ದಾವೆ ಹೂಡಿದವನು, ಫಲಕಗಳಲ್ಲಿ ಇದ್ದಂತೆ ಮರ ಎನ್ನದೆ ಬಳ್ಳಿ ಎಂದದ್ದಕ್ಕಾಗಿ ಸೋತ ಪ್ರಸಂಗವನ್ನು ಗಾಯಸ್ ಎಂಬ ಕಾನೂನು ಶಿಕ್ಷಕ ದಾಖಲಿಸಿದ್ದಾನೆ. ಸೂತ್ರಪದ್ಧತಿ ಆ ಬಿಗಿಯನ್ನು ಸಡಿಲಿಸಿತು.

ಅಧಿಕಾರಕ್ಕೆ ಬಂದ ಪ್ರತಿಯೊಬ್ಬ ಪ್ರೀಟರ್ ತಾನು ಯಾವ ಯಾವ ಸಂದರ್ಭಗಳಲ್ಲಿ ದಾವೆಗೆ ಅವಕಾಶ ಕೊಡುವೆನೆಂದು ಒಂದು ಪ್ರಕಟಣೆ ಹೊರಡಿಸುತ್ತಿದ್ದ. ಹೊಸಬ ಹಳಬನದ್ದನ್ನು ಬಹುಮಟ್ಟಿಗೆ ನಕಲು ಮಾಡಿ ಒಂದೆರಡು ಸಾಲು ಸೇರಿಸುತ್ತಿದ್ದ. ಮೂಲ ಶಾಸನವನ್ನು ಮುಟ್ಟದೆಯೇ ಕಾನೂನು ಹೀಗೆ ವರ್ಷದಿಂದ ವರ್ಷಕ್ಕೆ ಬದಲಾಯಿತು. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಸುಮಾರು ಕ್ರಿ.ಶ. 130ರಲ್ಲಿ, ಜೂಲಿಯನ್ ಎಂಬ ನ್ಯಾಯಶಾಸ್ತ್ರಜ್ಞ ಈ ಪ್ರಕಟಣೆಗೆ ಸ್ಥಿರರೂಪ ಕೊಟ್ಟ ಮೇಲೆ ಆ ದಾರಿ ಮುಚ್ಚಿತು.

ನ್ಯಾಯಶಾಸ್ತ್ರಜ್ಞರು ಯಾರು? ಅವರಿಗೆ ಇಷ್ಟೊಂದು ಮಹತ್ವ ಏಕೆ?

ಪ್ರೀಟರ್‌ಗೂ ತೀರ್ಪುಗಾರನಿಗೂ ಕಾನೂನು ತಿಳಿಯದಿರಬಹುದಾದ ವ್ಯವಸ್ಥೆಯಲ್ಲಿ, ತಿಳಿದವರೊಬ್ಬರು ಬೇಕೇ ಬೇಕು. ಆ ಜಾಗದಲ್ಲಿ ಇದ್ದವರು ಇವರು. ನ್ಯಾಯಾಲಯದಲ್ಲಿ ನಿಂತು ಭಾಷಣ ಮಾಡುವ ವಾಗ್ಮಿಗಳು ಬೇರೆ, ಇವರು ಬೇರೆ. ಕೇಳಿದವರಿಗೆ ಸಲಹೆ ಕೊಡುವುದು, ದಸ್ತಾವೇಜು ಬರೆಯಲು ನೆರವಾಗುವುದು, ಶಿಷ್ಯರೊಂದಿಗೆ ಚರ್ಚಿಸುವುದು, ಗ್ರಂಥ ಬರೆಯುವುದು ಇವರ ಕೆಲಸ. ರೋಮನ್ ಕಾನೂನೆಂದು ನಾವು ಇಂದು ಓದುತ್ತಿರುವುದರಲ್ಲಿ ಬಹುಪಾಲು ಶಾಸನವಲ್ಲ, ತೀರ್ಪೂ ಅಲ್ಲ, ಇವರ ವಾದ. ಈ ಕಾನೂನು ಅದನ್ನು ಹುಟ್ಟಿಸಿದ ಸಾಮ್ರಾಜ್ಯಕ್ಕಿಂತ ಹೆಚ್ಚು ಬಾಳಿದ್ದಕ್ಕೆ ಕಾರಣವೂ ಅದೇ ಎಂದು ತೋರುತ್ತದೆ. ಆಜ್ಞೆಯ ಬಲ ಆಳುವವನೊಂದಿಗೆ ಹೋಗುತ್ತದೆ, ವಾದದ ಬಲ ಹಾಗೆ ಹೋಗುವುದಿಲ್ಲ.

ಅವರ ರೀತಿಯನ್ನು ಒಂದು ಪ್ರಸಂಗದಿಂದ ನೋಡಬಹುದು. ಕೆಲವರು ಚೆಂಡಾಟವಾಡುತ್ತಿದ್ದಾರೆ. ಒಬ್ಬ ಬಲವಾಗಿ ಹೊಡೆದ ಚೆಂಡು ಪಕ್ಕದಲ್ಲಿ ಕ್ಷೌರ ಮಾಡುತ್ತಿದ್ದ ಕ್ಷೌರಿಕನ ಕೈಗೆ ಬಡಿದು, ಅವನ ಕತ್ತಿ ಎದುರು ಕುಳಿತಿದ್ದ ಗುಲಾಮನ ಕುತ್ತಿಗೆಯನ್ನು ಕೊಯ್ದಿತು. ಗುಲಾಮನ ಯಜಮಾನನಿಗೆ ಯಾರು ಪರಿಹಾರ ಕೊಡಬೇಕು? ಅನ್ಯಾಯವಾಗಿ ಮಾಡಿದ ಹಾನಿಯ ಬಗೆಗಿನ ಅಕ್ವಿಲಿಯನ್ ಕಾನೂನು ಕ್ರಿ.ಪೂ. 3ನೆಯ ಶತಮಾನದ ಆರಂಭದ್ದೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಅದರಲ್ಲಿ ಇದಕ್ಕೆ ನೇರ ಉತ್ತರವಿಲ್ಲ. ಯಾರಲ್ಲಿ ತಪ್ಪಿದೆಯೋ ಅವನೇ ಹೊಣೆ ಎಂದು ಮೇಲಾ ಬರೆದ. ತಪ್ಪು ಕ್ಷೌರಿಕನದ್ದು ಎಂದು ಪ್ರೋಕ್ಯುಲಸ್ ಹೇಳಿದ. ಇಬ್ಬರನ್ನೂ ಉದ್ಧರಿಸುವ ಅಲ್ಪಿಯನ್, ಜನ ಸಾಮಾನ್ಯವಾಗಿ ಆಡುವ ಜಾಗದಲ್ಲಿಯೋ ಓಡಾಟ ಹೆಚ್ಚಿರುವಲ್ಲಿಯೋ ಕ್ಷೌರ ಮಾಡುತ್ತಿದ್ದರೆ ಕ್ಷೌರಿಕನನ್ನು ದೂಷಿಸಲು ಕಾರಣವಿದೆ ಎಂದು ಒಪ್ಪುತ್ತಾನೆ. ಅಪಾಯದ ಜಾಗದಲ್ಲಿ ಪೀಠ ಹಾಕಿಕೊಂಡವನಿಗೆ ತನ್ನನ್ನು ಒಪ್ಪಿಸಿಕೊಂಡವನು ತನ್ನನ್ನೇ ಹಳಿದುಕೊಳ್ಳಬೇಕು ಎಂಬ ಮಾತೂ ತಪ್ಪಲ್ಲ ಎಂದು ಸೇರಿಸುತ್ತಾನೆ. ನಿರ್ಲಕ್ಷ್ಯ ಎಂದರೇನು, ಹಾನಿಗೊಳಗಾದವನ ಪಾಲೂ ಅದರಲ್ಲಿ ಇರಬಹುದೇ ಎಂಬ ಇಂದಿನ ಪ್ರಶ್ನೆಗಳು, ಯಾವ ಸಿದ್ಧಾಂತದ ಪೀಠಿಕೆಯೂ ಇಲ್ಲದೆ ಆ ಹತ್ತು ಸಾಲುಗಳಲ್ಲಿ ಇವೆ.

ಕ್ರಿ.ಶ. 1ನೆಯ ಶತಮಾನದಿಂದ ಇವರಲ್ಲಿ ಸಬೀನಿಯನ್ನರು, ಪ್ರೋಕ್ಯುಲಿಯನ್ನರು ಎಂಬ ಎರಡು ಪಂಥಗಳಿದ್ದವು. ನನ್ನ ದ್ರಾಕ್ಷಿಯಿಂದ ನೀವು ದ್ರಾಕ್ಷಾರಸ ಮಾಡಿದರೆ ಅದು ಯಾರದು? ದ್ರಾಕ್ಷಿಯ ಒಡೆಯನದು ಎಂದರು ಸಬೀನಿಯನ್ನರು, ತಯಾರಿಸಿದವನದು ಎಂದರು ಪ್ರೋಕ್ಯುಲಿಯನ್ನರು. ಐದು ಶತಮಾನ ಕಳೆದು ಜಸ್ಟಿನಿಯನ್ ನಡುದಾರಿ ಹಿಡಿದ: ಹೊಸ ವಸ್ತುವನ್ನು ಮತ್ತೆ ಹಳೆಯ ರೂಪಕ್ಕೆ ತರಲು ಸಾಧ್ಯವಿದ್ದರೆ ಸಾಮಗ್ರಿಯ ಒಡೆಯನದು, ಇಲ್ಲದಿದ್ದರೆ ಮಾಡಿದವನದು. ಬೆಳ್ಳಿಯ ಪಾತ್ರೆಯನ್ನು ಕರಗಿಸಬಹುದು, ರಸವನ್ನು ದ್ರಾಕ್ಷಿ ಮಾಡಲಾಗದು.

ಅಭಿಪ್ರಾಯಗಳು ಭಿನ್ನವಾದಾಗ ಯಾರ ಮಾತು ನಡೆಯುತ್ತಿತ್ತು?

ಒಳ್ಳೆಯ ಕಾಲದಲ್ಲಿ ವಾದದ ತೂಕ ನೋಡುತ್ತಿದ್ದರು, ಮುಂದೆ ತಲೆ ಎಣಿಸಿದರು. ಕ್ರಿ.ಶ. 426ರ ಒಂದು ಶಾಸನ ಪಾಪಿನಿಯನ್, ಪೌಲಸ್, ಗಾಯಸ್, ಅಲ್ಪಿಯನ್, ಮೊಡೆಸ್ಟೈನಸ್ ಎಂಬ ಐವರ ಗ್ರಂಥಗಳಿಗೆ ಅಧಿಕೃತ ಸ್ಥಾನ ಕೊಟ್ಟು, ಬಹುಮತದ ಅಭಿಪ್ರಾಯವನ್ನು ಪಾಲಿಸಬೇಕೆಂದೂ, ಸಮಬಲವಾದರೆ ಪಾಪಿನಿಯನ್ ಇರುವ ಕಡೆಗೆ ಜಯವೆಂದೂ ವಿಧಿಸಿತು. ಐವರೂ ಆಗಲೇ ಸತ್ತು ಶತಮಾನಗಳಾಗಿದ್ದವು. ಪಾಪಿನಿಯನ್ ಕರಾಕಲ್ಲಾ ಚಕ್ರವರ್ತಿಯ ಆಳ್ವಿಕೆಯಲ್ಲಿ ಕೊಲೆಯಾದವನು. ಚಕ್ರವರ್ತಿ ತನ್ನ ತಮ್ಮನನ್ನು ಕೊಲ್ಲಿಸಿದ್ದನ್ನು ಸಮರ್ಥಿಸಲು ಆತ ಒಪ್ಪಲಿಲ್ಲ ಎಂಬುದು ಹಳೆಯ ಕಥೆ.

ಈ ಕಾನೂನು ಎಲ್ಲರಿಗೂ ಸಮಾನವಾಗಿತ್ತೇ?

ಇರಲಿಲ್ಲ, ಅದನ್ನು ಮರೆಸಿ ಹೊಗಳುವ ಬರಹಗಳನ್ನು ನಂಬಬಾರದು. ಮೇಲಿನ ಕ್ಷೌರಿಕನ ಪ್ರಸಂಗದಲ್ಲಿ ಸತ್ತ ಗುಲಾಮನ ಪರವಾಗಿ ಯಾರೂ ಮಾತನಾಡುವುದಿಲ್ಲ. ಅಕ್ವಿಲಿಯನ್ ಕಾನೂನಿನ ಮೊದಲ ಅಧ್ಯಾಯ ಗುಲಾಮರನ್ನೂ ಹಿಂಡಿನ ಜಾನುವಾರುಗಳನ್ನೂ ಒಂದೇ ಸಾಲಿನಲ್ಲಿ ಇಟ್ಟು, ಹಿಂದಿನ ಒಂದು ವರ್ಷದಲ್ಲಿ ಅವುಗಳಿಗಿದ್ದ ಅತಿ ಹೆಚ್ಚಿನ ಬೆಲೆಯನ್ನು ಪರಿಹಾರವಾಗಿ ಗೊತ್ತುಮಾಡುತ್ತದೆ. ಕ್ರಿ.ಶ. 212ರಲ್ಲಿ ಕರಾಕಲ್ಲಾ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ನಿವಾಸಿಗಳಿಗೆ ಪೌರತ್ವ ಕೊಟ್ಟಾಗಲೂ ಗುಲಾಮರು ಹೊರಗೇ ಉಳಿದರು.

ಕುಟುಂಬದೊಳಗೆ ತಂದೆಯ ಅಧಿಕಾರ ಆತ ಬದುಕಿರುವವರೆಗೂ ನಡೆಯುತ್ತಿತ್ತು. ಮಗ ಐವತ್ತರ ಹರೆಯದ ಅಧಿಕಾರಿಯಾಗಿದ್ದರೂ ಅವನ ಸಂಪಾದನೆ ತಾತ್ವಿಕವಾಗಿ ತಂದೆಯದೇ. ಸೈನಿಕನ ಗಳಿಕೆಗೆ ಮಾತ್ರ ಅಗಸ್ಟಸ್‌ನ ಕಾಲದಿಂದ ವಿನಾಯಿತಿ ಬಂದಿತು. ಇಲ್ಲಿ ಕನ್ನಡ ಓದುಗರಿಗೆ ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬ ನೆನಪಾಗುವುದು ಸಹಜ, ಆದರೆ ಹೋಲಿಕೆ ಬಹುದೂರ ನಡೆಯುವುದಿಲ್ಲ. ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು, ರೋಮ್‌ನಲ್ಲಿ ತಂದೆಯ ಅಧಿಕಾರದಲ್ಲಿರುವ ಮಗನಿಗೆ ಯಾವ ಆಸ್ತಿಯೂ ಇಲ್ಲ. 1862ರಿಂದ ಕೆಲವು ವರ್ಷ ಕಲ್ಕತ್ತೆಯಲ್ಲಿ ವೈಸ್‌ರಾಯ್ ಮಂಡಳಿಯ ಕಾನೂನು ಸದಸ್ಯನಾಗಿದ್ದ ಹೆನ್ರಿ ಮೇನ್ ರೋಮನ್ ಕಾನೂನಿನ ವಿದ್ವಾಂಸನೂ ಆಗಿದ್ದ; ಎರಡೂ ಪದ್ಧತಿಗಳನ್ನು ಒಂದೇ ವಿಕಾಸಸರಣಿಯ ಮೆಟ್ಟಿಲುಗಳೆಂಬಂತೆ ಇಟ್ಟು ನೋಡುವ ಅಭ್ಯಾಸಕ್ಕೆ ಆತನ ಬರಹ ಬಹಳ ಪ್ರಚಾರ ಕೊಟ್ಟಿತು. ಅಂತಹ ಒಂದೇ ಏಣಿಯನ್ನು ಇಂದಿನ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಜಸ್ಟಿನಿಯನ್ ನಿಜವಾಗಿ ಮಾಡಿಸಿದ್ದೇನು?

ನಾಲ್ಕು ಭಾಗಗಳ ಒಂದು ಸಂಕಲನ. ಚಕ್ರವರ್ತಿಗಳ ಶಾಸನಗಳ ಸಂಗ್ರಹವಾದ ಕೋಡ್ 529ರಲ್ಲಿ ಬಂದು, 534ರಲ್ಲಿ ಪರಿಷ್ಕೃತವಾಯಿತು. ನ್ಯಾಯಶಾಸ್ತ್ರಜ್ಞರ ಗ್ರಂಥಗಳಿಂದ ಆಯ್ದ ಭಾಗಗಳ ಡೈಜೆಸ್ಟ್, ಹೊಸ ವಿದ್ಯಾರ್ಥಿಗಳಿಗೆ ಪಠ್ಯವೂ ಆಗಿ ಶಾಸನವೂ ಆದ ಇನ್‌ಸ್ಟಿಟ್ಯೂಟ್ಸ್, ಇವೆರಡೂ 533ರವು. ಆಮೇಲೆ ಹೊರಟ ಶಾಸನಗಳನ್ನು ನಾವೆಲ್ಸ್ ಎನ್ನುತ್ತಾರೆ.

ಡೈಜೆಸ್ಟ್ ಇವುಗಳ ಹೃದಯ. ಟ್ರಿಬೋನಿಯನ್ ಎಂಬ ಮಂತ್ರಿಯ ಕೆಳಗೆ ಹದಿನಾರು ಮಂದಿ ಸೇರಿ, ಸುಮಾರು 2,000 ಪುಸ್ತಕಗಳ 30 ಲಕ್ಷ ಸಾಲುಗಳನ್ನು ಓದಿ ಒಂದೂವರೆ ಲಕ್ಷಕ್ಕೆ ಇಳಿಸಿದರೆಂದು ಚಕ್ರವರ್ತಿಯೇ ಹೇಳಿಕೊಂಡಿದ್ದಾನೆ. ಹತ್ತು ವರ್ಷದಲ್ಲಿಯೂ ಮುಗಿಯಲಾರದು ಎಂದುಕೊಂಡಿದ್ದ ಕೆಲಸ, 530ರ ಡಿಸೆಂಬರ್‌ನಲ್ಲಿ ಆದೇಶ ಹೊರಟು 533ರ ಡಿಸೆಂಬರ್‌ಗೆ ಮುಗಿಯಿತು. ನಡುವೆ 532ರ ನೀಕಾ ದಂಗೆಯಲ್ಲಿ ಜನ ಟ್ರಿಬೋನಿಯನ್‌ನ ವಜಾಕ್ಕಾಗಿ ಕೂಗಿ, ಆತ ಸ್ವಲ್ಪ ಕಾಲ ಹುದ್ದೆ ಕಳೆದುಕೊಂಡದ್ದೂ ಉಂಟು.

ಮೂರೇ ವರ್ಷದಲ್ಲಿ ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1820ರಲ್ಲಿ. ಡೈಜೆಸ್ಟ್‌ನ ಪ್ರತಿಯೊಂದು ತುಣುಕಿನ ತಲೆಯ ಮೇಲೆ ಲೇಖಕನ ಮತ್ತು ಮೂಲಗ್ರಂಥದ ಹೆಸರಿರುತ್ತದೆ. ಬೇರೆ ಬೇರೆ ಪ್ರಕರಣಗಳಲ್ಲಿ ಈ ಗ್ರಂಥಗಳು ಮೂರು ಗುಂಪುಗಳಾಗಿ, ಗುಂಪಿನೊಳಗೆ ಒಂದೇ ಕ್ರಮದಲ್ಲಿ ಬರುವುದನ್ನು ಜರ್ಮನಿಯ ಫ್ರೀಡ್ರಿಷ್ ಬ್ಲೂಮೆ ಗಮನಿಸಿದ. ಸಮಿತಿ ಮೂರು ಉಪಸಮಿತಿಗಳಾಗಿ ಒಡೆದು, ಗ್ರಂಥಗಳನ್ನು ಹಂಚಿಕೊಂಡು ಏಕಕಾಲದಲ್ಲಿ ಓದಿರಬೇಕು ಎಂಬುದು ಅವನ ತೀರ್ಮಾನ. ವಿವರಗಳಲ್ಲಿ ತಿದ್ದುಪಡಿಗಳಾಗಿದ್ದರೂ ಅದರ ತಳಹದಿ ಇಂದಿಗೂ ನಿಂತಿದೆ.

ಡೈಜೆಸ್ಟ್‌ನಲ್ಲಿರುವುದು ಮೂಲ ಲೇಖಕರ ಮಾತುಗಳೇ?

ಬಹುಮಟ್ಟಿಗೆ ಹೌದು, ಪೂರ್ತಿಯಾಗಿ ಅಲ್ಲ. ಬಳಕೆ ತಪ್ಪಿದ್ದನ್ನು ತೆಗೆಯಲೂ ಅಗತ್ಯವಿದ್ದರೆ ತಿದ್ದಲೂ ಸಂಕಲನಕಾರರಿಗೆ ಅಧಿಕಾರವಿತ್ತು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಈ ತಿದ್ದುಪಡಿಗಳನ್ನು ಹುಡುಕುವುದೇ ವಿದ್ವತ್ತಿನ ಮುಖ್ಯ ಕಾಯಕವಾಯಿತು. ಲ್ಯಾಟಿನ್ ಸ್ವಲ್ಪ ತೊಡರಿದರೂ, ವಾದ ಸ್ವಲ್ಪ ಕವಲೊಡೆದರೂ ಅದು ನಂತರದ ಕೈಯ ಕೆಲಸ ಎಂದು ಘೋಷಿಸುವ ಉತ್ಸಾಹ ಮಿತಿಮೀರಿತು. ದೊಡ್ಡ ನ್ಯಾಯಶಾಸ್ತ್ರಜ್ಞನೂ ಒಮ್ಮೊಮ್ಮೆ ಕೆಟ್ಟ ವಾಕ್ಯ ಬರೆಯಬಲ್ಲ ಎಂಬ ಸರಳ ಸಂಗತಿಯನ್ನು ಒಪ್ಪಲು ಆ ಪೀಳಿಗೆಗೆ ಕಷ್ಟವಾಯಿತು. ಇಂದು ಪುರಾವೆಯಿಲ್ಲದೆ ಪಠ್ಯವನ್ನು ಶಂಕಿಸದಿರುವುದೇ ರೂಢಿ.

ಪಶ್ಚಿಮದಲ್ಲಿ ಅದು ಕಾಣೆಯಾಗಿ ಮತ್ತೆ ಬಂದದ್ದು ಹೇಗೆ?

ಪೂರ್ವದಲ್ಲಿ ಅದು ಗ್ರೀಕ್ ಭಾಷೆಗೆ ಇಳಿದು, ಸುಮಾರು 900ರಲ್ಲಿ ಬಸಿಲಿಕಾ ಎಂಬ ಸಂಕಲನವಾಗಿ ಮುಂದುವರಿಯಿತು. ಪಶ್ಚಿಮದಲ್ಲಿ 506ರಲ್ಲಿ ವಿಸಿಗಾತ್ ದೊರೆ ಎರಡನೆಯ ಅಲಾರಿಕ್ ಹೊರಡಿಸಿದ ಸಂಕ್ಷೇಪದಂತಹವು ಉಳಿದವೇ ಹೊರತು, ಡೈಜೆಸ್ಟ್ ಬಹುತೇಕ ಮರೆತೇಹೋಯಿತು. ಟಸ್ಕನಿಯ ಮಾರ್ತೂರಿಯಲ್ಲಿ 1076ರಲ್ಲಿ ನಡೆದ ಒಂದು ವ್ಯಾಜ್ಯದ ದಾಖಲೆಯಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಆರನೆಯ ವಿಕ್ರಮಾದಿತ್ಯ ಕಲ್ಯಾಣದಲ್ಲಿ ಪಟ್ಟಕ್ಕೆ ಬಂದದ್ದೂ ಅದೇ ವರ್ಷ. ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದದ್ದು ಆ ದೊರೆಯ ಕಾಲದಲ್ಲಿ. ಎರಡಕ್ಕೂ ಯಾವ ನಂಟೂ ಇಲ್ಲ, ಹಳೆಯ ಪಠ್ಯಕ್ಕೆ ವ್ಯಾಖ್ಯಾನ ಬರೆದು ಜೀವಂತ ಕಾನೂನು ಮಾಡಿಕೊಂಡ ಎರಡು ನಾಡುಗಳ ಕಾಲ ಕೂಡಿಬಂತು, ಅಷ್ಟೆ.

ಬೊಲೋನ್ಯಾದಲ್ಲಿ ಇರ್ನೇರಿಯಸ್ ಪಾಠ ಹೇಳತೊಡಗಿದ ಮೇಲೆ ಯೂರೋಪಿನ ಎಲ್ಲೆಡೆಯಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದರು. ಪುಟದ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತ, ಒಂದೆಡೆಯ ಮಾತನ್ನು ಇನ್ನೊಂದೆಡೆಯ ಮಾತಿನೊಂದಿಗೆ ಹೊಂದಿಸುವುದು ಅಲ್ಲಿನ ವಿಧಾನ. ಅಕ್ಕೂರ್ಸಿಯಸ್ 13ನೆಯ ಶತಮಾನದಲ್ಲಿ ಹೀಗೆ ಬೆಳೆದ ಟಿಪ್ಪಣಿಗಳನ್ನು ಒಟ್ಟುಗೂಡಿಸಿದಾಗ ಅವು 96 ಸಾವಿರವನ್ನು ದಾಟಿದ್ದವು. ಟಿಪ್ಪಣಿ ಗುರುತಿಸದಿದ್ದುದನ್ನು ನ್ಯಾಯಾಲಯವೂ ಗುರುತಿಸದು ಎಂಬ ಮಾತೇ ಹುಟ್ಟಿಕೊಂಡಿತು. ಮುಂದಿನ ಶತಮಾನದ ಬಾರ್ಟೋಲಸ್ ಈ ಪಾಂಡಿತ್ಯವನ್ನು ಇಟಲಿಯ ನಗರಗಳ ನಿತ್ಯದ ವ್ಯಾಜ್ಯಗಳಿಗೆ ಅನ್ವಯಿಸಿದ. 1495ರಲ್ಲಿ ಜರ್ಮನ್ ಸಾಮ್ರಾಜ್ಯದ ಉಚ್ಚ ನ್ಯಾಯಾಲಯ ಸ್ಥಾಪನೆಯಾದಾಗ ಅಲ್ಲಿ ಅನ್ವಯವಾದದ್ದೂ ಹೀಗೆ ಕಲಿತ ಈ ಕಾನೂನೇ.

ಗಾಯಸ್‌ನ ಹಸ್ತಪ್ರತಿಯ ಕಥೆ ಏನು?

ಗಾಯಸ್ 2ನೆಯ ಶತಮಾನದ ಶಿಕ್ಷಕ. ಅವನ ಪೂರ್ಣ ಹೆಸರು ಕೂಡ ಉಳಿದಿಲ್ಲ. 1816ರಲ್ಲಿ ಇತಿಹಾಸಕಾರ ನೀಬೂರ್ ವೆರೋನಾದ ಕ್ಯಾಥೆಡ್ರಲ್ ಗ್ರಂಥಾಲಯದಲ್ಲಿ ಸಂತ ಜೆರೋಮನ ಪತ್ರಗಳಿದ್ದ ಒಂದು ಚರ್ಮದ ಹಸ್ತಪ್ರತಿಯಲ್ಲಿ, ಉಜ್ಜಿ ಅಳಿಸಿದ ಹಳೆಯ ಬರಹದ ಗುರುತನ್ನು ಕಂಡ. ಅದು ಗಾಯಸ್‌ನ ಇನ್‌ಸ್ಟಿಟ್ಯೂಟ್ಸ್. ಜಸ್ಟಿನಿಯನ್‌ನ ಕತ್ತರಿಗೆ ಸಿಗದೆ, ಬಹುತೇಕ ಪೂರ್ಣವಾಗಿ ನಮಗೆ ಬಂದಿರುವ ಶಾಸ್ತ್ರೀಯ ಕಾಲದ ಕಾನೂನುಗ್ರಂಥ ಇದೊಂದೇ. ಸೂತ್ರಪದ್ಧತಿಯ ಬಗೆಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಇದರ ನಾಲ್ಕನೆಯ ಭಾಗದ ಋಣ. ಅಕ್ಷರ ಕಾಣಲೆಂದು ಆಗ ಸವರಿದ ರಾಸಾಯನಿಕಗಳು ಕೆಲವು ಪುಟಗಳನ್ನು ಶಾಶ್ವತವಾಗಿ ಕೆಡಿಸಿದವು.

ಇಂತಹ ಶೋಧಗಳು ಅಲ್ಲಿಗೆ ನಿಲ್ಲಲಿಲ್ಲ. 1959ರಲ್ಲಿ ಪಾಂಪೆಯ ಹತ್ತಿರ ಸಿಕ್ಕ ಮರದ ಫಲಕಗಳಲ್ಲಿ ಪುಟಿಯೋಲಿ ಬಂದರಿನ ಲೇವಾದೇವಿಗಾರರ ನೈಜ ಕರಾರುಗಳಿವೆ. 1981ರಲ್ಲಿ ಸ್ಪೇನಿನಲ್ಲಿ ಸಿಕ್ಕ ಕಂಚಿನ ಫಲಕಗಳಲ್ಲಿ ಇರ್ನಿ ಎಂಬ ಸಣ್ಣ ಊರಿನ ಪುರಸಭಾ ಕಾನೂನಿದೆ. ಗ್ರಂಥದಲ್ಲಿದ್ದ ಕಾನೂನು ಪೇಟೆಯಲ್ಲಿ ನಡೆಯುತ್ತಿತ್ತೇ ಎಂಬ ಅನುಮಾನಕ್ಕೆ ಇವು ತಕ್ಕ ಉತ್ತರ.

ಇಂದು ಇದು ಎಲ್ಲಿಯಾದರೂ ಜಾರಿಯಲ್ಲಿದೆಯೇ?

ಜರ್ಮನಿಯ ಕೆಲವು ಭಾಗಗಳಲ್ಲಿ, 1900ರ ಜನವರಿ 1ರಂದು ಹೊಸ ನಾಗರಿಕ ಸಂಹಿತೆ ಜಾರಿಗೆ ಬರುವವರೆಗೆ, ಡೈಜೆಸ್ಟ್ ನೇರವಾಗಿ ಉಲ್ಲೇಖಿಸಬಹುದಾದ ಕಾನೂನಾಗಿತ್ತು. ಆ ಸಂಹಿತೆಯಲ್ಲೂ 1804ರ ಫ್ರೆಂಚ್ ಸಂಹಿತೆಯಲ್ಲೂ ರೋಮನ್ ವರ್ಗೀಕರಣ ಹಾಸುಹೊಕ್ಕಾಗಿದೆ. ದಕ್ಷಿಣ ಆಫ್ರಿಕಾದಲ್ಲಿ ಡಚ್ಚರು ಒಯ್ದ ರೋಮನ್-ಡಚ್ ಕಾನೂನು ಇಂದಿಗೂ ಆಧಾರ. ನೆರೆಯ ಶ್ರೀಲಂಕಾದಲ್ಲಿಯೂ, 1799ರಲ್ಲಿ ಬ್ರಿಟಿಷರು ಅದನ್ನು ಮುಂದುವರಿಸುವುದಾಗಿ ಘೋಷಿಸಿದ್ದರಿಂದ, ಅದು ಜೀವಂತವಾಗಿದೆ.

ಭಾರತದ ಕಾನೂನಿಗೂ ಇದಕ್ಕೂ ಸಂಬಂಧವಿದೆಯೇ?

ಇದೆ, ಆದರೆ ಹೆಚ್ಚಾಗಿ ಇಂಗ್ಲೆಂಡಿನ ಮೂಲಕ ಸುತ್ತಿ ಬಂದದ್ದು. 1872ರ ಕರಾರು ಅಧಿನಿಯಮದ 68ರಿಂದ 72ರವರೆಗಿನ ಪ್ರಕರಣಗಳು ಕರಾರನ್ನು ಹೋಲುವ ಸಂಬಂಧಗಳನ್ನು ಹೇಳುತ್ತವೆ. ತಪ್ಪಿನಿಂದ ಪಾವತಿಯಾದ ಹಣವನ್ನು ಹಿಂದಿರುಗಿಸಬೇಕೆಂಬ 72ನೆಯ ಪ್ರಕರಣದ ಹಿಂದೆ ರೋಮನ್ನರ ಒಂದು ಹಳೆಯ ದಾವೆ ಇದೆ. ಯಾರೂ ತನ್ನಲ್ಲಿರುವುದಕ್ಕಿಂತ ಹೆಚ್ಚಿನ ಹಕ್ಕನ್ನು ಇನ್ನೊಬ್ಬನಿಗೆ ವರ್ಗಾಯಿಸಲಾರ ಎಂಬ ಸೂತ್ರ ಅಲ್ಪಿಯನ್‌ನದು. ಇನ್ನು ನೇರ ಉಲ್ಲೇಖವೂ ಉಂಟು. ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಪಾತ್ರಕ್ಕೆ ಸಂಬಂಧಿಸಿದ ಕಮಲ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟು ಸಾರ್ವಜನಿಕ ನ್ಯಾಸದ ಸಿದ್ಧಾಂತವನ್ನು ಎತ್ತಿಹಿಡಿದಾಗ, ಗಾಳಿ, ಹರಿಯುವ ನೀರು, ಸಮುದ್ರ, ಕಡಲತೀರ ಎಲ್ಲರಿಗೂ ಸೇರಿದವು ಎಂಬ ಜಸ್ಟಿನಿಯನ್‌ನ ವಾಕ್ಯಕ್ಕೆ ಅದರ ಬೇರನ್ನು ಒಯ್ದಿತು. ಅಂದಿನ ವಾಕ್ಯ ಸರ್ಕಾರವನ್ನು ಕಟ್ಟಿಹಾಕುವ ಉದ್ದೇಶದ್ದಾಗಿರಲಿಲ್ಲ ಎಂಬುದು ಬೇರೆ ಮಾತು.

ಲ್ಯಾಟಿನ್‌ನಲ್ಲಿರುವುದೆಲ್ಲ ರೋಮನ್ ಎಂದು ತಿಳಿಯಬಾರದು. ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ಲ್ಯಾಟಿನ್ ಸೂತ್ರ ಇಂಗ್ಲಿಷ್ ಕಾನೂನಿನಲ್ಲಿ ಬೇರೂರಿದ್ದು. ರೋಮ್‌ನ ಮಾರುಕಟ್ಟೆ ಅಧಿಕಾರಿಗಳಾದ ಈಡೈಲ್‌ಗಳ ನಿಯಮವೋ ಇದಕ್ಕೆ ವಿರುದ್ಧ: ಗುಲಾಮರನ್ನು, ದನಕರುಗಳನ್ನು ಮಾರುವವನು ಅವುಗಳ ರೋಗ ಮತ್ತು ದೋಷಗಳನ್ನು ಮೊದಲೇ ಹೇಳಬೇಕು, ಹೇಳದಿದ್ದರೆ ತನಗೆ ತಿಳಿದಿರಲಿ ಬಿಡಲಿ, ಆತನೇ ಹೊಣೆ.

ಅಧ್ಯಯನವನ್ನು ಎಲ್ಲಿಂದ ಆರಂಭಿಸಬೇಕು? ಲ್ಯಾಟಿನ್ ಬೇಕೇ?

ಸಂಶೋಧನೆಗೆ ಲ್ಯಾಟಿನ್ ಬೇಕು, ಮೊದಲ ಓದಿಗೆ ಬೇಡ. ಗಾಯಸ್, ಜಸ್ಟಿನಿಯನ್‌ನ ಇನ್‌ಸ್ಟಿಟ್ಯೂಟ್ಸ್ ಮತ್ತು ಡೈಜೆಸ್ಟ್ ಇಂಗ್ಲಿಷ್ ಅನುವಾದಗಳಲ್ಲಿ ದೊರೆಯುತ್ತವೆ. ಪರೀಕ್ಷೆಗೆಂದು ಸೂತ್ರಗಳ ಪಟ್ಟಿಯನ್ನು ಉರುಹೊಡೆಯುವುದರಿಂದ ಈ ಕಾನೂನಿನ ಗುಣ ತಿಳಿಯುವುದಿಲ್ಲ. ಮೊದಲು ಗಾಯಸ್‌ನ್ನು ಪೂರ್ತಿಯಾಗಿ ಓದಿ, ಅನಂತರ ಡೈಜೆಸ್ಟ್‌ನ 9ನೆಯ ಪುಸ್ತಕದ 2ನೆಯ ಪ್ರಕರಣವನ್ನು ಹಿಡಿಯುವುದು ಒಳ್ಳೆಯದು, ಅಕ್ವಿಲಿಯನ್ ಕಾನೂನಿನ ಪ್ರಸಂಗಗಳೆಲ್ಲ ಅಲ್ಲಿವೆ. ಉಲ್ಲೇಖಗಳನ್ನು ಪುಸ್ತಕ, ಪ್ರಕರಣ, ತುಣುಕು, ಉಪವಿಭಾಗ ಎಂಬ ಕ್ರಮದಲ್ಲಿ ಅಂಕೆಗಳಿಂದ ಕೊಡುತ್ತಾರೆ. 9, 2, 11 ಎಂದು ಕಂಡರೆ ಅದು 9ನೆಯ ಪುಸ್ತಕದ 2ನೆಯ ಪ್ರಕರಣದ 11ನೆಯ ತುಣುಕು. ಕ್ಷೌರಿಕನ ಪ್ರಸಂಗ ಇರುವುದು ಅದರ ಆರಂಭದಲ್ಲಿಯೇ. ಪ್ರತಿ ತುಣುಕಿನ ಮೇಲಿರುವ ಲೇಖಕನ ಮತ್ತು ಗ್ರಂಥದ ಹೆಸರನ್ನು ದಾಟಿ ಓದಬಾರದು. ಒಟ್ಟೊ ಲೆನೆಲ್ 1889ರಲ್ಲಿ ಆ ಹೆಸರುಗಳ ಆಧಾರದಿಂದಲೇ ತುಣುಕುಗಳನ್ನೆಲ್ಲ ಬಿಡಿಸಿ, ಕಳೆದುಹೋದ ಗ್ರಂಥಗಳ ಕ್ರಮದಲ್ಲಿ ಮತ್ತೆ ಜೋಡಿಸಿದ. ಅಲ್ಪಿಯನ್ ಒಂದು ಮಾತನ್ನು ಯಾವ ವಿಷಯದ ನಡುವೆ ಹೇಳಿದ್ದ ಎಂದು ತಿಳಿಯಬೇಕಾದವರು ಇಂದಿಗೂ ತೆರೆಯುವುದು ಆ ಜೋಡಣೆಯನ್ನೇ.